ಕಷ್ಟದ ಎಲೆ

ನನ್ನ ಮೊಮ್ಮಗಳು ಮೂರು ಶಾಲೆ ಕಂಡವಳು. ಒಂದು ಬೆಳ್ತಂಗಡಿ ತಾಲೂಕಿನಲ್ಲಿ, ಚಾರ್ಮಾಡಿಗೆ ಹೋಗುವ ದಾರಿಯಲ್ಲಿ. ಇನ್ನೊಂದು ಮೂಡಬಿದ್ರೆಯ ಕಡೆಯದ್ದು. ಈಗಿನದ್ದು ಬಂಟ್ವಾಳ ತಾಲೂಕಿನಲ್ಲಿ, ಫರಂಗಿಪೇಟೆಯಿಂದ ಸ್ವಲ್ಪ ಒಳಗೆ. ನನ್ನ ಮಗ ಬಸ್ ಡ್ರೈವರ್. ಅವನಿಗೆ ಕೆಲಸ ಎಲ್ಲಿಯೋ ನಮಗೆ ಬಾಡಿಗೆ ಮನೆ ಅಲ್ಲಿ. ನಾನು ಬೀಡಿ ಕಟ್ಟುವವಳು. ಮೊರ, ಕತ್ತರಿ, ಎಲೆ ಅಳತೆ ಮಾಡುವ ತಗಡಿನ ತುಂಡು, ಇಷ್ಟು ಇದ್ದರೆ ನನಗೆ ಯಾವ ಊರಾದರೂ ಒಂದೇ.

ಶಾಲೆಯ ವಿಷಯ ಬರೆಯಲಿಕ್ಕೆ ನಿನಗೆ ಎಂಥ ಯೋಗ್ಯತೆ ಎಂದು ಯಾರಾದರೂ ಕೇಳಿದರೆ, ಇಲ್ಲ. ನಾನು ಮೂರನೇ ಕ್ಲಾಸಿನವರೆಗೆ ಹೋದವಳು. ಆದರೆ ಬುದ್ಧಿ ಇದ್ದ ಒಂದು ಮಗುವನ್ನು ಮಂಕು ಮಾಡಿದವಳು ನಾನು. ಅದನ್ನು ನನ್ನ ಬದಲು ಬೇರೆಯವರು ಬರೆಯಲಿಕ್ಕಾಗುವುದಿಲ್ಲ. ಕಾಗುಣಿತ ಮೊಮ್ಮಗಳು ನೋಡಿದ್ದಾಳೆ. ಮಾತಿಗೆ ಕೈ ಹಾಕಬೇಡ ಎಂದು ಅವಳಿಗೆ ಹೇಳಿದ್ದೇನೆ. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಮೊದಲಿನ ಶಾಲೆ ಸರಕಾರದ್ದು. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ಎಲೆ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬೀಡಿ ಬ್ರಾಂಚ್ ಶಾಲೆಯ ಎದುರಿಗೇ ಇತ್ತು. ಕಟ್ಟಿದ ಬೀಡಿ ಕೊಡಲಿಕ್ಕೆ ಸಾಲು ಉದ್ದ ಇದ್ದರೆ ನಾನು ಶಾಲೆಯ ಜಗಲಿಯಲ್ಲಿ ನೆರಳಿಗೆ ಕೂರುತ್ತಿದ್ದೆ. ಬಾಗಿಲು ತೆರೆದೇ ಇರುತ್ತಿತ್ತು. ಒಳಗೆ ನೋಡಿದರೆ ಅದು ಶಾಲೆಯ ಹಾಗೆ ಕಾಣುತ್ತಿರಲಿಲ್ಲ. ಬೆಂಚು ಇಲ್ಲ. ನಾಲ್ಕೈದು ಮಕ್ಕಳು ಒಂದೊಂದು ಗುಂಪಾಗಿ ನೆಲದಲ್ಲಿ ಸುತ್ತ ಕೂತಿದ್ದಾರೆ. ತಲೆಯ ಮೇಲೆ ತಂತಿ ಕಟ್ಟಿ ಅವರು ಬರೆದ ಚಿತ್ರಗಳನ್ನು ಬಟ್ಟೆ ಒಣಗಲು ಹಾಕಿದ ಹಾಗೆ ನೇತು ಹಾಕಿದ್ದಾರೆ. ಗೋಡೆಯಲ್ಲಿ ಒಂದು ದೊಡ್ಡ ಏಣಿಯ ಚಿತ್ರ. ಪಾಠ ಎಲ್ಲ ಸಣ್ಣ ಸಣ್ಣ ಕಾರ್ಡಿನಲ್ಲಿ. ಮಗು ಒಂದು ಕಾರ್ಡು ಕಲಿತರೆ ಏಣಿಯಲ್ಲಿ ಒಂದು ಮೆಟ್ಟಿಲು ಮೇಲೆ. ನಂತರ ತಾನೇ ಎದ್ದು ಹೋಗಿ ಮುಂದಿನ ಕಾರ್ಡು ಹುಡುಕಿ ತರಬೇಕು. ಪಕ್ಕದ ಮಗು ಎಲ್ಲಿದ್ದರೂ ಇದಕ್ಕೆ ಸಂಬಂಧ ಇಲ್ಲ.

ಟೀಚರ್ ಘಟ್ಟದ ಮೇಲಿನವರು, ಬಿಜಾಪುರದ ಕಡೆಯವರು. ಅವರು ಮಾತಾಡಿದರೆ ಜಗಳ ಮಾಡಿದ ಹಾಗೆ ಕೇಳುತ್ತಿತ್ತು. ಮೊದಲ ದಿನ ನಾನು ಹೆದರಿದ್ದೆ. ಮಕ್ಕಳು ಮಾತ್ರ ಅವರ ಸೀರೆಯ ಸೆರಗು ಬಿಡುತ್ತಿರಲಿಲ್ಲ.

"ಅಜ್ಜೀ, ನಿಮ್ಮ ಮೊಮ್ಮಗಳು ಭಾಳ ಶಾಣ್ಯಾಕಿ ಅದಾಳ್ರೀ," ಎಂದರು ಒಂದು ದಿನ ಜಗಲಿಗೆ ಬಂದು. "ಮೂರು ತಿಂಗಳದ್ದು ಮೂರು ವಾರದಾಗ ಮುಗಿಸ್ಯಾಳ."

"ಹಾಗಾದ್ರೆ ಮುಂದಿನ ಕ್ಲಾಸಿಗೆ ಹಾಕಿ ಟೀಚರೇ."

"ಕ್ಲಾಸ್ ಯಾಕ್ ಬೇಕ್ರೀ? ಏಣಿ ಐತಲ್ಲ. ಹತ್ತಲಿ ಬಿಡ್ರಿ."

"ಬಿದ್ರೆ?"

"ಬಿದ್ರ ನೆಲಾನ ಐತಿ. ಮತ್ತ ಹತ್ತತಾಳ."

ಹಾಗೆ ಅವಳು ಹತ್ತಿದಳು. ಎರಡನೇ ಕ್ಲಾಸಿನಲ್ಲಿ ಇರುವಾಗ ಮೂರನೆಯದರ ಕಾರ್ಡು ತೆಗೆಯುತ್ತಿದ್ದಳು. ಸಂಜೆ ಮನೆಗೆ ಬಂದರೆ ನಾನು ಕಟ್ಟಿಟ್ಟ ಬೀಡಿಯನ್ನು ಮೂರರ ಹಾಗೆ, ಏಳರ ಹಾಗೆ, ಒಂಬತ್ತರ ಹಾಗೆ ಜೋಡಿಸಿ ಎಷ್ಟು ಉಳಿಯುತ್ತದೆ ಎಂದು ನೋಡುವುದು. ತಲೆ ಚಿಟ್ಟು ಹಿಡಿಯುವಷ್ಟು ಮಾತು. "ಅಜ್ಜಿ, ಯಾವುದರಲ್ಲಿ ಜೋಡಿಸಿದ್ರೂ ಒಂದೇ ಉಳಿಯುವ ಹಾಗೆ ಎಷ್ಟು ಬೀಡಿ ಬೇಕು ಗೊತ್ತುಂಟಾ?" ನನಗೆ ಗೊತ್ತಿರಲಿಲ್ಲ. ಬೀಡಿ ಮುಟ್ಟಬೇಡ, ಬಾಯಿ ಬಿಚ್ಚಿ ಹೋಗುತ್ತದೆ ಎಂದು ಕೈಗೆ ಒಂದು ಕೊಡುತ್ತಿದ್ದೆ. ಅವಳು ಮತ್ತೆ ಮುಟ್ಟುತ್ತಿದ್ದಳು.

ಮೂರನೆಯದು ಮುಗಿಯುವಾಗ ಮಗನಿಗೆ ಮೂಡಬಿದ್ರೆ ಕಡೆಯ ಒಂದು ಖಾಸಗಿ ಶಾಲೆಯ ಬಸ್ಸು ಓಡಿಸುವ ಕೆಲಸ ಸಿಕ್ಕಿತು. ಬಾಡಿಗೆ ಮನೆ ಪುತ್ತಿಗೆಯಲ್ಲಿ ಆಯಿತು. ಡ್ರೈವರನ ಮಗಳೆಂದು ಅದೇ ಶಾಲೆಯಲ್ಲಿ ಅವಳಿಗೆ ಸೀಟು ಕೊಟ್ಟರು. ಟೈ, ಶೂ, ಎದೆಯ ಮೇಲೆ ಗುರುತಿನ ಕಾರ್ಡು. ಸೊಸೆ ಫೋಟೋ ತೆಗೆದು ನೆಂಟರಿಗೆಲ್ಲ ವಾಟ್ಸಾಪಿನಲ್ಲಿ ಕಳಿಸಿದಳು. ನನಗೂ ಸಂತೋಷ ಆಗಲಿಲ್ಲ ಎಂದರೆ ಸುಳ್ಳು.

ಅಲ್ಲಿ ಒಂದು ಕ್ಲಾಸಿನಲ್ಲಿ ಐವತ್ತು ಮಂದಿ. ಎಲ್ಲರೂ ಒಂದೇ ಪುಟ ತೆರೆಯಬೇಕು, ಒಂದೇ ಲೆಕ್ಕ ಮಾಡಬೇಕು, ಒಂದೇ ಗಂಟೆಗೆ ಮುಚ್ಚಬೇಕು. ಏಣಿ ಇಲ್ಲ. ಎಲ್ಲರಿಗೂ ಒಂದೇ ಜಗಲಿ.

ಸುರುವಿನ ಕೆಲವು ತಿಂಗಳು ಕಳೆದಿತ್ತು. ಒಂದು ಸಂಜೆ ಅವಳು ಚೀಲ ಬಿಸಾಡಿ ನನ್ನ ಮೊರದ ಪಕ್ಕ ಕೂತಳು. ಕಣ್ಣು ಕೆಂಪಾಗಿತ್ತು.

"ಎಂಥ ಆಯ್ತು?"

"ಇಪ್ಪತ್ತು ಲೆಕ್ಕ ಕೊಟ್ರು."

"ಎಲ್ಲರಿಗೂ ಕೊಟ್ಟಿರ್ಬೇಕು."

"ಎಲ್ಲರಿಗೂ ಹತ್ತು. ನಾನು ಹತ್ತು ಬೇಗ ಮುಗಿಸಿ ಮಿಸ್ಸಿಗೆ ತೋರಿಸಿದೆ. ಗುಡ್ ಗರ್ಲ್ ಅಂತ ಹೇಳಿ ಇನ್ನೂ ಇಪ್ಪತ್ತು ಕೊಟ್ರು. ಎಲ್ಲಾ ಒಂದೇ ನಮೂನೆಯದ್ದು ಅಜ್ಜಿ. ಅಂಕೆ ಮಾತ್ರ ಬೇರೆ."

"ಮಾಡು. ಕೈ ಸವೆಯುದಿಲ್ಲ."

"ನಿನ್ನೆಯೂ ಮಾಡಿದೆ. ಮೊನ್ನೆಯೂ ಮಾಡಿದೆ. ಬೇಗ ಮುಗಿಸಿದ್ರೆ ದಿನಾ ಇದೇ."

ಅವಳು ಅಳುವ ಮಗು ಅಲ್ಲ. ಅವತ್ತು ಅತ್ತಳು. ಸದ್ದಿಲ್ಲದೆ, ಮೂಗು ಒರೆಸಿಕೊಳ್ಳುತ್ತಾ, ಲೆಕ್ಕ ಮಾಡುತ್ತಾ ಅತ್ತಳು. ನನಗೆ ಸಿಟ್ಟು ಬಂತು. ಆ ಮಿಸ್ಸಿನ ಮೇಲೆ ಅಲ್ಲ, ಪಾಪ, ಐವತ್ತು ಮಂದಿಯನ್ನು ಕೂರಿಸಿಕೊಂಡವಳು ಬೇಗ ಮುಗಿಸಿದವಳನ್ನು ಎಲ್ಲಿ ಇಡುವುದು? ನನಗೆ ಸಿಟ್ಟು ಬಂದದ್ದು ಆ ಸಂಗತಿ ನನಗೆ ಗುರುತು ಇದ್ದದ್ದರಿಂದ.

ನಾನು ಮದುವೆಯಾಗಿ ಬಂದಾಗ ನನ್ನ ಕೈ ಬೀಡಿಯಲ್ಲಿ ಬಹಳ ಚುರುಕು. ಅಕ್ಕಪಕ್ಕದ ಹೆಂಗಸರೆಲ್ಲ ಒಂದೇ ಜಗಲಿಯಲ್ಲಿ ಕೂತು ಕಟ್ಟುವುದು. ನನ್ನದು ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಅತ್ತೆ ನೋಡಿದರು. "ನಿನ್ನ ಕೈ ಖಾಲಿ ಉಂಟಲ್ಲ" ಎಂದು ಅವರ ಎಲೆಯನ್ನು ನನ್ನ ಮೊರಕ್ಕೆ ಸುರಿದರು. ಮರುದಿನ ನಾದಿನಿಯ ಎಲೆಯೂ ಬಂತು. ಒಂದು ವಾರ ಕಟ್ಟಿದೆ. ಆಮೇಲೆ ನನಗೆ ಬುದ್ಧಿ ಬಂತು. ಕಟ್ಟಿ ಮುಗಿಸಿದ ಬೀಡಿಯ ಕಟ್ಟುಗಳನ್ನು ಕೂತ ಚಾಪೆಯ ಅಡಿಗೆ ತಳ್ಳುತ್ತಿದ್ದೆ. ಮೊರದಲ್ಲಿ ಯಾವಾಗಲೂ ಅರ್ಧ ಕಟ್ಟಿದ ನಾಲ್ಕು ಬೀಡಿ. ಸಂಜೆ ಎಲ್ಲರ ಜೊತೆಗೆ ನನ್ನದೂ ಮುಗಿಯುವುದು. ಅತ್ತೆ, "ಸುರುವಿಗೆ ಏನೋ ಚುರುಕು ಇತ್ತು, ಈಗ ಇಲ್ಲ" ಎಂದರು. ನಾನು ಬದುಕಿದೆ.

ಅದನ್ನೇ ಮೊಮ್ಮಗಳಿಗೆ ಹೇಳಿಕೊಟ್ಟೆ.

"ಮುಗಿಸಿದ್ದನ್ನು ಯಾಕೆ ತೋರಿಸ್ತಿ ಪೆದ್ದು? ಕೊನೆಯದ್ದು ಒಂದು ಬಾಕಿ ಇಟ್ಕೋ. ಎಲ್ಲರೂ ಮುಗಿಸುವಾಗ ನೀನೂ ಮುಗಿಸು."

"ಅದು ಸುಳ್ಳು ಅಲ್ವಾ ಅಜ್ಜಿ?"

"ಬಾಯಿ ಬಿಟ್ಟು ಹೇಳಿದ್ರೆ ಸುಳ್ಳು. ಸುಮ್ಮನೆ ಕೂತ್ರೆ ಎಂಥ ಸುಳ್ಳು?"

ಅವಳು ನಕ್ಕಳು. ನಾನೂ ನಕ್ಕೆ. ಅಜ್ಜಿ ಮೊಮ್ಮಗಳು ಸೇರಿ ಏನೋ ದೊಡ್ಡ ಕಾರುಬಾರು ಮಾಡಿದ ಹಾಗೆ.

ಅಂದಿನಿಂದ ಇಪ್ಪತ್ತು ಲೆಕ್ಕ ಬರುವುದು ನಿಂತಿತು. ಅವಳು ಅಳುವುದೂ ನಿಂತಿತು. ಎರಡನ್ನೂ ನಾನು ನನ್ನ ಲಾಭಕ್ಕೆ ಸೇರಿಸಿಕೊಂಡೆ. ಬೀಡಿ ಜೋಡಿಸುವ ಆಟವೂ ನಿಂತದ್ದನ್ನು ನಾನು ಗಮನಿಸಲಿಲ್ಲ. ಗಮನಿಸಿದ್ದರೂ, ಬೀಡಿ ಹಾಳಾಗುವುದು ತಪ್ಪಿತು ಎಂದುಕೊಳ್ಳುತ್ತಿದ್ದೆನೋ ಏನೋ.

ಏಳನೆಯದರಲ್ಲಿ ಆ ಶಾಲೆಯವರು ಮಾರ್ಕು ನೋಡಿ ಮಕ್ಕಳನ್ನು ಮೂರು ಕೋಣೆಗೆ ಹಂಚಿದರು. ಇವಳು ಮೂರನೆಯ ಕೋಣೆಗೆ. ಹೆತ್ತವರ ಮೀಟಿಂಗಿಗೆ ಸೊಸೆಗೆ ರಜೆ ಸಿಗಲಿಲ್ಲವೆಂದು ಮಗನ ಜೊತೆಗೆ ನಾನು ಹೋದೆ. ಅಲ್ಲಿನ ಮಿಸ್ ಒಳ್ಳೆಯ ಮಾತಿನವಳು.

"ತೊಂದರೆ ಕೊಡುವ ಹುಡುಗಿ ಅಲ್ಲ. ಆದರೆ ಸ್ವಲ್ಪ ನಿಧಾನ. ಎಲ್ಲ ಲೆಕ್ಕವನ್ನೂ ಅರ್ಧಕ್ಕೆ ಬಿಡ್ತಾಳೆ. ನೀವು ಜಾಸ್ತಿ ಆಸೆ ಇಟ್ಕೊಂಡು ಒತ್ತಡ ಹಾಕ್ಬೇಡಿ."

ಮಗ ಬಸ್ಸಿನ ಹತ್ತಿರ ಬಂದು ಹೇಳಿದ, "ನಿನ್ನ ತಲೆಯೇ ಬಂದಿದೆ ಅಮ್ಮ ಅದಕ್ಕೆ."

"ನನ್ನ ತಲೆ ನಿನಗೆ ಬಂದಿದ್ರೆ ನೀನು ಡ್ರೈವರ್ ಆಗ್ತಿರ್ಲಿಲ್ಲ," ಎಂದೆ ಬಾಯಿಗೆ ಬಂದ ಹಾಗೆ. ಆದರೆ ಆ ಮಿಸ್ಸಿನ ಎದುರು ನಾನು ಬಾಯಿ ಬಿಟ್ಟಿರಲಿಲ್ಲ. ಅವಳು ನಿಧಾನ ಅಲ್ಲ, ನಾನು ಹೇಳಿಕೊಟ್ಟದ್ದು ಎನ್ನಲು ಅಲ್ಲಿ ಜಾಗವೂ ಇತ್ತು, ಹೊತ್ತೂ ಇತ್ತು. ನಾಚಿಕೆ ಆಯಿತು. ಜೊತೆಗೆ ಒಂದು ಧೈರ್ಯವೂ ಇತ್ತು: ಚಾಪೆಯ ಅಡಿಯಲ್ಲಿ ಕಟ್ಟು ಉಂಟಲ್ಲ, ಬೇಕಾದಾಗ ತೆಗೆದರಾಯಿತು.

ಮುಂದಿನ ವರ್ಷ ಮಗ ಮಂಗಳೂರಿಗೆ ಹೋಗುವ ಸರ್ವಿಸ್ ಬಸ್ಸಿಗೆ ಸೇರಿದ. ನಾವು ಫರಂಗಿಪೇಟೆ ಕಡೆಗೆ ಬಂದೆವು. ನಾನು ಮದುವೆಯಾಗಿ ಬಂದ ಊರಿನ ಹತ್ತಿರವೇ. ಇವಳನ್ನು ಸರಕಾರಿ ಹೈಸ್ಕೂಲಿಗೆ, ಎಂಟನೆಯದಕ್ಕೆ ಸೇರಿಸಿದೆವು.

ಮನೆ ಸಾಮಾನು ಬಿಚ್ಚುವಾಗ ಅವಳ ಹಳೆಯ ಲೆಕ್ಕದ ಪುಸ್ತಕಗಳು ಸಿಕ್ಕಿದವು. ಹೊಗೆಸೊಪ್ಪಿನ ಪುಡಿ ಕಟ್ಟಿಡಲು ಹಾಳೆ ಬೇಕಿತ್ತು. ಹರಿಯುವ ಮೊದಲು ಬೇಡದ್ದೋ ನೋಡುವ ಎಂದು ತೆರೆದೆ. ನನಗೆ ಆ ಲೆಕ್ಕ ಓದಲು ಬರುವುದಿಲ್ಲ. ಆದರೆ ಚಿತ್ರ ನೋಡಿದ ಹಾಗೆ ನೋಡಬಹುದಲ್ಲ. ನಾಲ್ಕನೆಯದರ ಪುಸ್ತಕದಲ್ಲಿ ಪ್ರತಿ ಲೆಕ್ಕದ ಕೆಳಗೆ ಉತ್ತರ, ಉತ್ತರದ ಕೆಳಗೆ ಸ್ಕೇಲ್ ಇಟ್ಟು ಎಳೆದ ಎರಡು ಗೆರೆ. ಐದನೆಯದರಲ್ಲಿ ಪುಟದ ಕೊನೆಯ ಲೆಕ್ಕಕ್ಕೆ ಗೆರೆ ಇಲ್ಲ. ಆರನೆಯದರಲ್ಲಿ ಅರ್ಧಕ್ಕರ್ಧ ಇಲ್ಲ. ಏಳನೆಯದರಲ್ಲಿ ಇಡೀ ಪುಸ್ತಕ ಮಗುಚಿದರೂ ಎರಡು ಗೆರೆ ಒಂದು ಕಡೆಯೂ ಇಲ್ಲ. ಎಲ್ಲ ಲೆಕ್ಕವೂ ಒಂದು ಸಾಲು ಬಾಕಿ ಇರುವಾಗ ನಿಂತಿದೆ. ಎಲೆ ಸುತ್ತಿ, ಪುಡಿ ತುಂಬಿ, ಬಾಯಿ ಮಡಚದೆ ಬಿಟ್ಟ ಬೀಡಿಯ ಹಾಗೆ. ಒಂದಲ್ಲ, ಮೊರ ತುಂಬ.

ನಾನು ಆ ಹಾಳೆಗಳನ್ನು ಹರಿಯಲಿಲ್ಲ.

ಸಂಜೆ ಅವಳು ಬಂದಾಗ ಒಂದು ಪುಟ ತೆರೆದು ಎದುರಿಗೆ ಇಟ್ಟೆ. "ಇದನ್ನು ಮುಗಿಸು ನೋಡುವ."

"ಹಳೆಯದ್ದು ಯಾಕೆ ಅಜ್ಜಿ?"

"ಮುಗಿಸು ಅಂದೆ."

ಅವಳು ಪೆನ್ಸಿಲ್ ಹಿಡಿದಳು. ಬಹಳ ಹೊತ್ತು ನೋಡಿದಳು. "ಬರುದಿಲ್ಲ," ಎಂದಳು.

ನಾನು ಅವಳ ಮುಖ ನೋಡಿದೆ. ಹುಟ್ಟಿದಂದಿನಿಂದ ನೋಡಿದ ಮುಖ. ಸುಳ್ಳು ಹೇಳಿದರೆ ಎಡಗಡೆಯ ಹುಬ್ಬು ಏರುತ್ತದೆ. ಏರಲಿಲ್ಲ. ಚಾಪೆಯ ಅಡಿಗೆ ಕೈ ಹಾಕಿದರೆ ಅಲ್ಲಿ ಏನೂ ಇರಲಿಲ್ಲ.

ಮರುವಾರ ಜಾತಿ ಪ್ರಮಾಣಪತ್ರದ ಜೆರಾಕ್ಸ್ ಕೊಡುವ ನೆವ ಮಾಡಿ ಹೈಸ್ಕೂಲಿಗೆ ಹೋದೆ. ಲೆಕ್ಕದ ಮಾಷ್ಟ್ರು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದರು. ನಮ್ಮ ಕಡೆಯವರೇ. ತಲೆ ಅರ್ಧ ಬೋಳು, ಅಂಗಿಯ ತೋಳಿನಲ್ಲಿ ಸೀಮೆಸುಣ್ಣ.

"ನೀವು ಯಾರ ಅಜ್ಜಿ?"

"ಎಂಟನೆಯದ್ದು. ಹಿಂದಿನ ಬೆಂಚು, ಕಿಟಕಿಯ ಹತ್ತಿರ ಕೂತ್ಕೊಳ್ತಾಳಲ್ಲ, ಅವಳದ್ದು."

"ಓ, ಅವಳಾ? ಪಾಪದ ಹುಡುಗಿ. ಏನೂ ತೊಂದರೆ ಇಲ್ಲ ಅಜ್ಜಿ."

"ಪಾಪದವಳಲ್ಲ ಮಾಷ್ಟ್ರೇ. ಕಳ್ಳಿ."

ಅವರು ಚಹಾದ ಲೋಟ ಕೆಳಗಿಟ್ಟರು. "ಎಂಥ ಕದ್ದಳು?"

"ಅವಳದ್ದನ್ನೇ ಅವಳು ಕದ್ದು ಇಟ್ಟಳು. ಕದಿಯಲಿಕ್ಕೆ ಹೇಳಿಕೊಟ್ಟದ್ದು ನಾನು. ಈಗ ಎಲ್ಲಿ ಇಟ್ಟದ್ದು ಅಂತ ಅವಳಿಗೂ ನೆನಪಿಲ್ಲ, ನನಗೂ ಸಿಕ್ಕುದಿಲ್ಲ."

ಎಲ್ಲವನ್ನೂ ಹೇಳಿದೆ. ಏಣಿ, ಇಪ್ಪತ್ತು ಲೆಕ್ಕ, ಚಾಪೆಯ ಅಡಿಯ ಕಟ್ಟು, ಎರಡು ಗೆರೆ ಇಲ್ಲದ ಪುಸ್ತಕ. ಪುಸ್ತಕವನ್ನು ತೋರಿಸಿಯೂ ಬಿಟ್ಟೆ. ಅವರು ಒಂದೊಂದೇ ಪುಟ ಮಗುಚಿದರು. ಸುರುವಿಗೆ ನಗು ಇತ್ತು ಮುಖದಲ್ಲಿ. ಆಮೇಲೆ ಇರಲಿಲ್ಲ.

"ಇದೆಲ್ಲ ಸರಿಯಾಗಿಯೇ ಹೋಗಿದೆ. ಕೊನೆಯ ಸಾಲು ಒಂದು ಬರೆದಿದ್ರೆ ಆಗ್ತಿತ್ತು," ಎಂದರು. "ಎಂಥ ಮಾಡುವ ಅಜ್ಜಿ ಈಗ?"

"ನನ್ನ ಹತ್ತಿರ ಕೇಳ್ತೀರಾ? ಸಂಬಳ ನಿಮಗೆ ಬರುದು."

ಪಕ್ಕದ ಕುರ್ಚಿಯ ಹಿಂದಿ ಟೀಚರ್ ಕಿಸಕ್ಕನೆ ನಕ್ಕರು. ಮಾಷ್ಟ್ರಿಗೆ ಸಿಟ್ಟು ಬರಲಿಲ್ಲ. "ಹೌದು ಬರುದು. ಆದ್ರೆ ಅರವತ್ತು ಮಂದಿ ಇದ್ದಾರೆ. ಅದರಲ್ಲಿ ಹತ್ತು ಮಂದಿಗೆ ಮಗ್ಗಿಯೇ ಸರಿ ಬರುದಿಲ್ಲ. ಇವಳನ್ನು ಒಬ್ಬಳನ್ನೇ ಕರೆದು ಬೇರೆ ಕೆಲಸ ಕೊಟ್ರೆ ಅದೂ ಶಿಕ್ಷೆಯೇ ಆಗ್ತದೆ. ನಿಮಗೆ ಏನಾದ್ರೂ ತೋಚುದಾದ್ರೆ ಹೇಳಿ."

ಆಗ ನನಗೆ ನಮ್ಮ ಹಳೆಯ ಜಗಲಿಯ ಒಬ್ಬಳ ನೆನಪು ಬಂತು. ಬ್ಯಾರಿ ಹೆಂಗಸು, ನಮ್ಮ ಕಡೆಯ ಮುಸಲ್ಮಾನರವಳು, ನನಗಿಂತ ಹತ್ತು ವರ್ಷ ದೊಡ್ಡವಳು, ಗೋಡೆಯಾಚೆಯ ಮನೆಯವಳು. ನಾನು ಚಾಪೆಯ ಅಡಿಗೆ ತಳ್ಳುವುದನ್ನು ಅವಳು ಒಬ್ಬಳು ಕಂಡಿದ್ದಳು. ಯಾರಿಗೂ ಹೇಳಲಿಲ್ಲ. ಒಂದು ದಿನ ಅವಳು ಬಿಸಾಡಲಿಕ್ಕೆ ಇಟ್ಟ ಹರಕು ಎಲೆಯೊಂದನ್ನು ನನ್ನ ಮೊರಕ್ಕೆ ಹಾಕಿದಳು. ನಡುವೆ ಬೆರಳು ತೂರುವಷ್ಟು ಓಟೆ, ಅಂಚಿನಲ್ಲಿ ಹುಳ ತಿಂದದ್ದು. "ಇದರಲ್ಲಿ ಒಂದು ಬೀಡಿ ಮಾಡಿ ತೋರಿಸು ನೋಡುವ," ಎಂದಳು. ಆಗುವುದಿಲ್ಲ ಎಂದೆ. "ಹಾಗಾದ್ರೆ ನಿನ್ನ ಕೈ ಚುರುಕು ಮಾತ್ರ, ಬುದ್ಧಿ ಇಲ್ಲ," ಎಂದಳು. ನನಗೆ ರೋಷ ಬಂತು. ತಗಡನ್ನು ಆ ಕಡೆ ಇಟ್ಟು ನೋಡಿದೆ, ಈ ಕಡೆ ಇಟ್ಟು ನೋಡಿದೆ. ಕೊನೆಗೆ ಓರೆಯಾಗಿ ಇಟ್ಟೆ. ಓಟೆ ಹೊರಗೆ ಹೋಯಿತು, ಒಂದು ಬೀಡಿಯ ಎಲೆ ಒಳಗೆ ಉಳಿಯಿತು. ಕಟ್ಟಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ತಿರುಗಿಸಿ ನೋಡಿ, ಅದಕ್ಕಿಂತ ಹರಕಾದ ಇನ್ನೊಂದನ್ನು ಹಾಕಿದಳು. ಆಮೇಲೆ ದಿನಕ್ಕೆ ಒಂದು. ಒಂದೇ. ಆ ಒಂದು ಎಲೆಗಾಗಿ ನಾನು ಬೆಳಿಗ್ಗೆ ಜಗಲಿಗೆ ಬೇಗ ಬರುತ್ತಿದ್ದೆ. ಅದನ್ನು ಮಾತ್ರ ನಾನು ಯಾವತ್ತೂ ಅಡಗಿಸಲಿಲ್ಲ. ಅವಳು ತೀರಿಹೋಗಿ ತುಂಬ ವರ್ಷ ಆಯಿತು.

ಮಾಷ್ಟ್ರಿಗೆ ಇಷ್ಟೇ ಹೇಳಿದೆ: "ಹೆಚ್ಚು ಎಲೆ ಕೊಡ್ಬೇಡಿ. ಕಷ್ಟದ ಎಲೆ ಕೊಡಿ. ಒಂದೇ ಕೊಡಿ. ಮಾಡ್ಲೇಬೇಕು ಅಂತ ಹೇಳ್ಬೇಡಿ."

ಅವರು ತಲೆ ಕೆರೆದುಕೊಂಡರು. "ನೋಡುವ," ಎಂದರು. ನಮ್ಮ ಕಡೆ ನೋಡುವ ಎಂದರೆ ಮುಕ್ಕಾಲು ಪಾಲು ಆಗುವುದಿಲ್ಲ ಎಂದೇ ಅರ್ಥ. ನಾನು ಆಸೆ ಬಿಟ್ಟು ಬಂದೆ.

ಆದರೆ ಅವರು ಮಾಡಿದರು. ಸೋಮವಾರ ಬೋರ್ಡಿನ ಬಲಮೂಲೆಯಲ್ಲಿ ಒಂದು ಚೌಕಟ್ಟು ಎಳೆದು ಅದರೊಳಗೆ ಒಂದು ಪ್ರಶ್ನೆ ಬರೆದರಂತೆ. "ಇದು ಪಾಠದ್ದಲ್ಲ. ಮಾರ್ಕು ಇಲ್ಲ. ಮಾಡದಿದ್ರೆ ಕೇಳುದಿಲ್ಲ. ಶನಿವಾರ ಒರೆಸ್ತೇನೆ. ಇದನ್ನು ಮಾಡಿದವರಿಗೆ ಬೇರೆ ಲೆಕ್ಕ ಕೊಡುದೂ ಇಲ್ಲ," ಎಂದರಂತೆ. ಅರವತ್ತು ಮಂದಿಗೂ ಒಟ್ಟಿಗೆ. ಇದು ನನಗೆ ಅದೇ ಕ್ಲಾಸಿನ ನೆರೆಮನೆಯ ಹುಡುಗ ಹೇಳಿದ್ದು.

ಮೊದಲ ವಾರ ಇವಳು ಅದರ ಸುದ್ದಿಯನ್ನೇ ಹೇಳಲಿಲ್ಲ. ನಾನೂ ಕೇಳಲಿಲ್ಲ. ಎರಡನೇ ವಾರವೂ ಇಲ್ಲ. ಮೂರನೇ ವಾರದ ಗುರುವಾರ, ಊಟ ಮಾಡುವಾಗ ಅನ್ನ ಕಲಸುತ್ತಾ ಹೇಳಿದಳು:

"ಮುಂದಿನ ಬೆಂಚಿನ ಹುಡುಗಿ ಮಾಷ್ಟ್ರ ಮೂಲೆ ಲೆಕ್ಕ ಮಾಡಿದ್ಲು. ಎಲ್ಲರೂ ಚಪ್ಪಾಳೆ ಹೊಡೆದ್ರು."

"ಒಳ್ಳೆಯದಾಯ್ತು."

"ಎಂಥ ಒಳ್ಳೆಯದು? ಎರಡು ಪುಟ ಬರೆದಿದ್ದಾಳೆ. ಸುತ್ತಿ ಸುತ್ತಿ ಹೋಗಿದ್ದಾಳೆ. ಅದಕ್ಕೆ ನಾಲ್ಕು ಸಾಲಿನ ದಾರಿ ಉಂಟು."

ಕೈ ತುತ್ತು ಹಿಡಿದಲ್ಲಿಯೇ ನನಗೆ ಹೊಟ್ಟೆ ತುಂಬಿತು. ತೋರಿಸಿಕೊಳ್ಳಲಿಲ್ಲ.

"ನಾಲ್ಕು ಸಾಲಿನದ್ದು ನಿನಗೆ ಗೊತ್ತಿದ್ರೆ ಹೇಳ್ಬೇಕಿತ್ತು."

"ಹೇಳಿದ್ರೆ ಇಪ್ಪತ್ತು ಕೊಡ್ತಾರೆ."

"ಕೊಡುದಿಲ್ಲ ಅಂತ ಅವರೇ ಹೇಳಿದ್ದಾರಲ್ಲ?"

"ಎಲ್ಲರೂ ಸುರುವಿಗೆ ಹಾಗೆಯೇ ಹೇಳುದು," ಎಂದು ತಟ್ಟೆ ಎತ್ತಿಕೊಂಡು ಎದ್ದಳು.

ಇದಕ್ಕೆ ಮಾಷ್ಟ್ರ ಬೋರ್ಡು ಸಾಲದು ಎಂದು ನನಗೆ ಗೊತ್ತಾಯಿತು. ಗಂಟು ಹಾಕಿದವಳು ನಾನು. ಬಿಚ್ಚಬೇಕಾದವಳೂ ನಾನೇ. ಅವಳು ತಟ್ಟೆ ತೊಳೆಯುವ ಕಲ್ಲಿನ ಹತ್ತಿರ ಹೋಗಿ ನಿಂತೆ. ತಪ್ಪಾಯಿತು ಎಂದು ಸಣ್ಣವರ ಹತ್ತಿರ ಹೇಳಿ ನನಗೆ ಅಭ್ಯಾಸ ಇಲ್ಲ. ದೊಡ್ಡವರ ಹತ್ತಿರವೂ ಇಲ್ಲ.

"ಕೇಳು. ಪುತ್ತಿಗೆಯಲ್ಲಿ ಇರುವಾಗ ನಾನು ನಿನಗೆ ಒಂದು ಹೇಳಿಕೊಟ್ಟಿದ್ದೆ. ಅದು ತಪ್ಪು."

"ಯಾವುದು?"

"ಮುಗಿಸಿದ್ದನ್ನು ಅಡಗಿಸು ಅಂತ ಹೇಳಿದ್ದು."

ಅವಳು ನಲ್ಲಿ ನಿಲ್ಲಿಸಿದಳು. "ಅದು ನೀನು ಹೇಳಿದ್ದಾ? ನಾನೇ ಕಂಡುಹಿಡಿದದ್ದು ಅಂತ ಎಣಿಸಿದ್ದೆ."

"ನಾನೇ ಹೇಳಿದ್ದು. ನನ್ನ ಅತ್ತೆಗೆ ಹೆದರಿ ನಾನು ಮಾಡಿದ್ದನ್ನು ನಿನ್ನ ತಲೆಗೆ ಕಟ್ಟಿದೆ. ನಿನಗೆ ಅತ್ತೆ ಇರ್ಲಿಲ್ಲ, ಮಿಸ್ ಇದ್ದದ್ದು. ನಾನು ಶಾಲೆಗೆ ಹೋಗಿ ಮಿಸ್ಸಿನ ಹತ್ತಿರ ಮಾತಾಡ್ಬೇಕಿತ್ತು. ಹೋಗ್ಲಿಲ್ಲ."

ಅವಳು ಬಹಳ ಹೊತ್ತು ಅದೇ ತಟ್ಟೆಯನ್ನು ಉಜ್ಜಿದಳು. ಆಮೇಲೆ, "ನಿನಗೆ ಅತ್ತೆ ಅಂದ್ರೆ ಹೆದರಿಕೆ ಇತ್ತಾ?" ಎಂದು ಕೇಳಿದಳು, ನಂಬದವಳ ಹಾಗೆ.

"ಇತ್ತು. ಈಗ ನಿನ್ನ ಅಮ್ಮನಿಗೆ ನಾನು ಅಂದ್ರೆ ಇಲ್ಲ. ಕಾಲ ಹಾಳಾಗಿದೆ."

ನಕ್ಕಳು. ಎಷ್ಟೋ ದಿನದ ನಂತರ ಹಲ್ಲು ಕಾಣುವ ಹಾಗೆ ನಕ್ಕಳು.

ಮುಂದಿನ ಸೋಮವಾರದ ಪ್ರಶ್ನೆಯನ್ನು ಅವಳೇ ಬರೆದುಕೊಂಡು ಬಂದಳು. ನನಗೂ ಅರ್ಥ ಆಗುವಂಥದ್ದು, ಅದಕ್ಕೇ ನೆನಪುಂಟು. ಒಂದು ಚೌಕ ಬರೆದಿದೆ. ಅದರ ಸರಿಯಾಗಿ ಎರಡರಷ್ಟು ಜಾಗ ಹಿಡಿಯುವ ಇನ್ನೊಂದು ಚೌಕ ಬರೆಯಬೇಕು. ಅಳತೆ ಮಾಡುವ ಹಾಗಿಲ್ಲ. ಗೆರೆ ಎಳೆಯಬಹುದು, ಅಷ್ಟೇ.

ಅವಳು ಎರಡು ದಿನ ನೋಡಿದಳು. ಬುಧವಾರ ಬದಿಗಳನ್ನು ಎರಡು ಪಾಲು ಉದ್ದ ಮಾಡಿ ದೊಡ್ಡ ಚೌಕ ಬರೆದು, ಕೆಳಗೆ ಎರಡು ಗೆರೆ ಎಳೆದಳು. ಸ್ಕೇಲ್ ಇಲ್ಲದೆ, ಕೈಯಲ್ಲಿ, ವಕ್ರ ವಕ್ರವಾಗಿ. ನಾನು ಬೀಡಿ ಕಟ್ಟುತ್ತಿದ್ದ ಹಾಗೆಯೇ ಓರೆಗಣ್ಣಿನಲ್ಲಿ ನೋಡಿದೆ. ಉತ್ತರ ಸರಿಯೋ ತಪ್ಪೋ ನನಗೆ ಬೇಕಿರಲಿಲ್ಲ.

ತಪ್ಪಾಗಿತ್ತು.

ಮರುದಿನ ಚೀಲ ಬಿಸಾಡಿದ ಸದ್ದಿನಲ್ಲಿಯೇ ಗೊತ್ತಾಯಿತು.

"ನಾಲ್ಕರಷ್ಟು ಆಗಿದೆಯಂತೆ! ಎಲ್ಲರ ಎದುರು ತಪ್ಪು ಅಂದ್ರು. ತಪ್ಪು ಅಂತ ಹೇಳಿ ನಗ್ತಾರೆ ಆ ಮಾಷ್ಟ್ರು. ಇವತ್ತು ನನಗೆ ಭಾರೀ ಖುಷಿ ಆಯ್ತು ಅಂತ ಹೇಳ್ತಾರೆ. ತಪ್ಪಾದ್ರೆ ಯಾರಿಗಾದ್ರೂ ಖುಷಿ ಆಗ್ತದಾ? ತಲೆ ಸರಿ ಇಲ್ಲ, ಪಿರ್ಕಿ ಮಾಷ್ಟ್ರು!"

"ಮಾಷ್ಟ್ರಿಗೆ ಪಿರ್ಕಿ ಅನ್ಬೇಡ. ಬೇರೆ ಎಂಥ ಕೊಟ್ರು?"

"ಎಂಥದೂ ಇಲ್ಲ. ಇದನ್ನೇ ಬೇಕಾದ್ರೆ ಇನ್ನೊಂದು ವಾರ ಇಡ್ತೇನೆ ಅಂದ್ರು."

ಇಪ್ಪತ್ತು ಬರಲಿಲ್ಲ. ಅದನ್ನು ಅವಳು ಬಾಯಿ ಬಿಟ್ಟು ಹೇಳಲಿಲ್ಲ, ನಾನೂ ಎತ್ತಿ ತೋರಿಸಲಿಲ್ಲ.

ಆದಿತ್ಯವಾರ ಬೆಳಿಗ್ಗೆ ನಾನು ನೆನೆಸಿದ ಎಲೆಯ ಕಟ್ಟು ಬಿಚ್ಚಿ ಕತ್ತರಿಸುತ್ತಾ ಕೂತಿದ್ದೆ. ಅವಳು ಪಕ್ಕದಲ್ಲಿ ಹೊಟ್ಟೆಯ ಮೇಲೆ ಮಲಗಿ ಚೌಕ ಬರೆಯುವುದು, ಅಳಿಸುವುದು. ಕಾಗದ ಓಟೆ ಬಿತ್ತು. ಏನು ತೋಚಿತೋ, ನನ್ನ ಮೊರಕ್ಕೆ ಕೈ ಹಾಕಿ ಒಂದು ಒಳ್ಳೆಯ ಎಲೆ ತೆಗೆದು ಕತ್ತರಿಯಲ್ಲಿ ಚೌಕ ಮಾಡಿದಳು.

"ಅದು ಬ್ರಾಂಚಿನ ಎಲೆ!"

"ಒಂದು ಅಜ್ಜಿ."

ಹಸಿ ಎಲೆ, ಮಡಚಿದರೆ ಒಡೆಯುವುದಿಲ್ಲ. ನಡುವಿಗೆ ಮಡಚಿದಳು, ಬಿಚ್ಚಿದಳು. ಇನ್ನೊಂದು ಕತ್ತರಿಸಿದಳು. ಮೂರನೆಯದಕ್ಕೆ ಕೈ ಹಾಕಿದಾಗ ನಾನು ಕೈಗೆ ಒಂದು ಕೊಡಬೇಕೆಂದು ಕೈ ಎತ್ತಿದವಳು ಇಳಿಸಿದೆ. ನಾಲ್ಕನೇ ಕ್ಲಾಸಿಗೆ ಮೊದಲು ಬೀಡಿ ಜೋಡಿಸುತ್ತಿದ್ದಾಗ ಇರುತ್ತಿದ್ದ ಮುಖ ಅಲ್ಲಿ ಇತ್ತು. ನಾಲಗೆಯ ತುದಿ ಹೊರಗೆ, ಕಣ್ಣು ಚೂಪು. ಸೊಸೆ ಒಳಗಿನಿಂದ ತಿಂಡಿಗೆ ಎರಡು ಸಲ ಕರೆದಳು. ಇವಳಿಗೆ ಕೇಳಲಿಲ್ಲ. ಮೂರನೇ ಸಲ ಕರೆಯುವ ಮೊದಲು ನಾನೇ ಎದ್ದು ಹೋಗಿ, "ಅವಳನ್ನು ಈಗ ಮಾತಾಡಿಸ್ಬೇಡ, ಕೆಲಸದಲ್ಲಿ ಇದ್ದಾಳೆ" ಎಂದು ಹೇಳಿ ಬಂದೆ.

ಬಂದು ನೋಡುವಾಗ ಅವಳು ಮೂರನೆಯ ಎಲೆಯ ನಾಲ್ಕು ಮೂಲೆಯನ್ನೂ ನಡುವಿಗೆ ತಂದು ಮಡಚಿದ್ದಳು. ಒಂದು ಸಣ್ಣ ಚೌಕ, ಓರೆಯಾಗಿ ಕೂತಿತ್ತು. ಅದನ್ನು ಬಿಚ್ಚಿದಳು. ಮಡಚಿದಳು. ಮತ್ತೆ ಬಿಚ್ಚಿದಳು.

"ಅಜ್ಜಿ," ಎಂದಳು ಬಹಳ ಮೆಲ್ಲಗೆ. "ಮಡಚಿದ್ರೆ ಎಲ್ಲ ಕಡೆಯೂ ಎರಡು ಪದರ. ಹಾಗಾದ್ರೆ ಬಿಚ್ಚಿದ್ದು ಇದರ ಸರಿಯಾಗಿ ಎರಡರಷ್ಟು. ಉದ್ದ ಮಾಡುದಲ್ಲ. ಓರೆ! ಸಣ್ಣದರ ಮೂಲೆಯಿಂದ ಮೂಲೆಗೆ ಎಷ್ಟು ಉಂಟೋ ಅದೇ ದೊಡ್ಡದರ ಬದಿ!"

"ಓರೆಯಾಗಿ ಇಡ್ಬೇಕು ಅಂತ ನನಗೆ ಗೊತ್ತಿತ್ತು," ಎಂದೆ.

"ಸುಳ್ಳು ಹೇಳ್ಬೇಡ."

"ಎಲೆಯಲ್ಲಿ ಗೊತ್ತಿತ್ತು. ಚೌಕದಲ್ಲಿ ಗೊತ್ತಿರ್ಲಿಲ್ಲ."

ಅವಳು ಆಗಲೇ ಪುಸ್ತಕ ಎಳೆದುಕೊಂಡು ಬರೆಯುತ್ತಿದ್ದಳು. ನಾಲ್ಕು ಸಾಲು. ಐದನೆಯದು ಉತ್ತರ. ಮತ್ತೆ ಅತ್ತ ಇತ್ತ ತಡಕಾಡಿದಳು.

"ಅಜ್ಜಿ, ಸ್ಕೇಲ್ ಎಲ್ಲಿ? ಶಾಲೆಯಲ್ಲಿ ಬಿಟ್ಟು ಬಂದಿದ್ದೇನೆ ಕಾಣ್ತದೆ."

ನಾನು ಎಲೆ ಅಳತೆ ಮಾಡುವ ತಗಡನ್ನು ಸೀರೆಯಲ್ಲಿ ಒರೆಸಿ ಕೊಟ್ಟೆ. "ಇದರ ಅಂಚು ನೇರ ಉಂಟು.  ಎಳೆ."

ಅವಳು ಅದನ್ನು ಒತ್ತಿ ಹಿಡಿದು ಒಂದು ಗೆರೆ ಎಳೆದಳು. ಅದರ ಕೆಳಗೆ ಇನ್ನೊಂದು. ನಂತರ ಪುಸ್ತಕ ಮುಚ್ಚದೆ, ಬಂದು ಹೋಗುವವರಿಗೆ ಕಾಣುವ ಹಾಗೆ ಜಗಲಿಯ ನಡುವೆ ತೆರೆದಿಟ್ಟು, ತಿಂಡಿಗೆ ಓಡಿದಳು.

ತಗಡಿಗೆ ಪೆನ್ಸಿಲಿನ ಕಪ್ಪು ಹತ್ತಿತ್ತು. ಮೂರು ಒಳ್ಳೆಯ ಎಲೆ ಹಾಳಾಗಿತ್ತು. ನಾನು ಕಪ್ಪು ಒರೆಸದೆ ಮುಂದಿನ ಎಲೆಯ ಮೇಲೆ ತಗಡು ಇಟ್ಟು ಕತ್ತರಿಸಿದೆ.